ದೋರೆಗಾಯಿಯ ಕಾವಲು

ಟೊಮೇಟೊ ಬೆಳೆಯುವುದು ಒಂದು ವಿದ್ಯೆಯೇ ಅಲ್ಲ. ಮುಸುರೆ ಚೆಲ್ಲಿದ ಕಡೆ, ಬಚ್ಚಲ ನೀರು ಹರಿಯುವ ಕಡೆ, ಹೋಟೆಲಿನ ಹಿತ್ತಲಲ್ಲಿ, ಯಾರೂ ಬಿತ್ತದೆ ಯಾರೂ ನೀರೆರೆಯದೆ ಅದು ತಾನಾಗಿ ಹುಟ್ಟಿ, ಹೂಬಿಟ್ಟು, ಕಾಯಿ ಕಚ್ಚುತ್ತದೆ. ಆ ಕಾಯಿ ಕೆಂಪಾಗುವ ತನಕ ಅದನ್ನು ಉಳಿಸಿಕೊಳ್ಳುವುದಿದೆಯಲ್ಲ, ಅದು ವಿದ್ಯೆ. ನಮ್ಮ ಮನೆಯವರು ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಈ ವಿದ್ಯೆಗೆ ತಮ್ಮನ್ನು ಒಪ್ಪಿಸಿಕೊಂಡಿದ್ದಾರೆ. ಇಡೀ ನೌಕರಿ ಬೇರೆಯವರ ಹಣ ಕಾದವರಿಗೆ ಸ್ವಂತದ್ದು ಅಂತ ಕಾಯಲು ಏನಾದರೂ ಸಿಕ್ಕಿದ್ದು ಇದೇ ಮೊದಲು.

ನಮ್ಮ ಮನೆ ಮೈಸೂರಿನಲ್ಲಿ, ಚಾಮುಂಡಿ ಬೆಟ್ಟದ ಕಡೆಯ ಒಂದು ಬಡಾವಣೆಯಲ್ಲಿದೆ. ತಾರಸಿ ಹತ್ತಿದರೆ ಬೆಟ್ಟ ಕಾಣುತ್ತದೆ. ಬೆಟ್ಟದ ಕೋತಿಗಳಿಗೂ ನಮ್ಮ ತಾರಸಿ ಕಾಣುತ್ತದೆ ಎಂಬುದನ್ನು ಮನೆ ಕೊಳ್ಳುವಾಗ ಯಾರೂ ಹೇಳಲಿಲ್ಲ. ದೀಪಾವಳಿ ಕಳೆದ ಮೇಲೆ ಕುಂಡಗಳಿಗೆ ಸಸಿ ಬೀಳುತ್ತದೆ. ಬೀಜ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿಯದು, ಹೆಸರು ಅರ್ಕಾ ರಕ್ಷಕ್. ಎಲೆ ಮುಟುರು ರೋಗ, ಸೊರಗು ರೋಗ, ಅಂಗಮಾರಿ ಮೂರನ್ನೂ ತಡೆದುಕೊಳ್ಳಲೆಂದು ಅಲ್ಲಿನ ವಿಜ್ಞಾನಿಗಳು ರೂಪಿಸಿದ ತಳಿ. ರಕ್ಷಕ್ ಎಂಬ ಹೆಸರು ಕೇಳಿಯೇ ನಮ್ಮವರು ನಿಶ್ಚಿಂತರಾಗಿಬಿಟ್ಟಿದ್ದರು. ಸಂಸ್ಥೆಯವರು ಹೊಣೆ ಹೊತ್ತಿರುವುದು ರೋಗಕ್ಕೆ, ಕೋತಿಗಲ್ಲ ಎಂದು ನಾನು ನೆನಪಿಸಬೇಕಾಯಿತು.

ಹೂವಿನ ಹಂತದಲ್ಲಿ ಟೊಮೇಟೊಗೆ ಶತ್ರುಗಳ ಕಾಟಕ್ಕಿಂತ ಮಿತ್ರರ ಕೊರತೆಯೇ ಹೆಚ್ಚು. ಅದರ ಪರಾಗ ಹೂವಿನ ನಡುವಣ ಹಳದಿ ಕೊಳವೆಯೊಳಗೆ ಕೂತಿರುತ್ತದೆ. ಅಲುಗಿಸಿದರೆ ಮಾತ್ರ ಉದುರುತ್ತದೆ. ನಮಗೆ ಜೇನು ಕೊಡುವ ನೊಣಗಳಿಗೆ ಈ ಕೆಲಸ ಬರುವುದಿಲ್ಲ. ಹೊಟ್ಟೆಯ ಮೇಲೆ ನೀಲಿ ಪಟ್ಟೆಯಿರುವ, ಗೂಡಿನ ಗದ್ದಲವಿಲ್ಲದೆ ಒಂಟಿಯಾಗಿ ಬದುಕುವ ಒಂದು ಜಾತಿಯ ದುಂಬಿಗೆ ಬರುತ್ತದೆ. ಅದು ಹೂವನ್ನು ಅಪ್ಪಿ ಹಿಡಿದು ಮೈ ನಡುಗಿಸಿ ಪರಾಗ ಉದುರಿಸಿಕೊಳ್ಳುತ್ತದೆ. ಗಾಳಿಯೂ ಅಷ್ಟಿಷ್ಟು ಅಲುಗಿಸುತ್ತದೆ; ಆದರೆ ನಮ್ಮವರಿಗೆ ಗಾಳಿಯ ಮೇಲೆ ನಂಬಿಕೆಯಿಲ್ಲ, ದುಂಬಿಗಾಗಿ ಕಾಯುವ ತಾಳ್ಮೆಯೂ ಇಲ್ಲ. ಮಗ ತಂದುಕೊಟ್ಟಿದ್ದ ಬ್ಯಾಟರಿ ಬ್ರಷ್ಷು ಒಂದು ದಿನವೂ ಹಲ್ಲು ನೋಡದೆ ತಾರಸಿ ಹತ್ತಿತು. ಬೆಳಗಿನ ಬಿಸಿಲಿನಲ್ಲಿ ಗಂಡಸೊಬ್ಬ ಹೂವುಗಳಿಗೆ ಹಲ್ಲುಜ್ಜಿಸುವುದನ್ನು ಎದುರು ಮನೆಯ ಮಕ್ಕಳು ಸ್ಕೂಲ್ ವ್ಯಾನ್ ಬರುವ ತನಕ ನಿಂತು ನೋಡುತ್ತಾರೆ. ಕಾಯಂತೂ ಚೆನ್ನಾಗಿಯೇ ಕಚ್ಚಿತು.

ಕಾಯಿಕೊರಕ ಹುಳುವಿಗೂ ಹೆಸರಘಟ್ಟದವರು ಒಂದು ಉಪಾಯ ಹೇಳಿದ್ದಾರೆ. ಪ್ರತಿ 16 ಸಾಲು ಟೊಮೇಟೊಗೆ ಒಂದು ಸಾಲು ಚೆಂಡು ಹೂ ನೆಡಬೇಕು. ಪತಂಗಕ್ಕೆ ಚೆಂಡು ಹೂವೇ ಹೆಚ್ಚು ಇಷ್ಟವಾದ್ದರಿಂದ ಮೊಟ್ಟೆಯನ್ನು ಅಲ್ಲಿಟ್ಟು ಹೋಗುತ್ತದೆ, ಟೊಮೇಟೊ ಬಚಾವಾಗುತ್ತದೆ. ಎಕರೆಗಟ್ಟಲೆ ಬೆಳೆಯುವವರಿಗೆ ಬಹಳ ಒಳ್ಳೆಯ ಲೆಕ್ಕ. ನಮ್ಮ ಕುಂಡಗಳಿಗೆ ಇದೇ ಲೆಕ್ಕ ಹಾಕಿದರೆ ಚೆಂಡು ಹೂವಿನ ಗಿಡದಲ್ಲಿ ಒಂದು ಕೊಂಬೆ ಸಾಕಾಗುತ್ತದೆ. ಆದರೂ ಎರಡು ಗಿಡ ಬಂದವು. ನಮ್ಮತ್ತೆ ಬೆಳಿಗ್ಗೆ ಎದ್ದು ಆ ಹೂಗಳನ್ನು ಕೊಯ್ದು ದೇವರಿಗಿಟ್ಟರು. ಹೀಗೆ ಕಾಯಿಕೊರಕದ ಸಂತಾನ ನೇರವಾಗಿ ಭಗವಂತನ ಪಾದ ಸೇರಿತು.

ಇನ್ನು ಕಾಯಿ ಬಲಿಯುವ ಕಾಲ. ಹೂವು ಉದುರಿ ಹೀಚು ಕಂಡ ದಿನದಿಂದ ಹಣ್ಣಿಗೆ ಹೆಚ್ಚೂಕಡಿಮೆ ಒಂದೂವರೆ ತಿಂಗಳು ಬೇಕು. ಚಳಿಯಿದ್ದರೆ ಇನ್ನೂ ನಾಲ್ಕು ದಿನ ಹೆಚ್ಚು. ಕಾಯಿ ತನ್ನ ಪೂರ್ತಿ ಗಾತ್ರಕ್ಕೆ ಬೇಗನೇ ಬಂದುಬಿಡುತ್ತದೆ. ಆಮೇಲೆ ಏನೂ ಮಾಡದೆ ಹಸಿರಾಗಿ ಕೂತಿರುತ್ತದೆ. ದಿನವೂ ಹತ್ತಿ ನೋಡಿದರೂ ಅಷ್ಟೇ, ವಾರ ಬಿಟ್ಟು ನೋಡಿದರೂ ಅಷ್ಟೇ. ಒಳಗೆ ಬೀಜ ಗಟ್ಟಿಯಾಗುತ್ತಿರುತ್ತದೆ, ಅದರ ಸುತ್ತ ಲೋಳೆ ಕೂಡುತ್ತಿರುತ್ತದೆ; ನಮಗೆ ಮಾತ್ರ ಕಾಣುವುದಿಲ್ಲ. ಈ ಕಾಲದಲ್ಲೇ ಮನೆಯೊಳಗೆ ಮೊದಲ ಬಿರುಕು ಮೂಡುವುದು. ಯಾಕೆಂದರೆ ಟೊಮೇಟೊ ಯಾವಾಗ ಆಯಿತು ಎಂಬುದಕ್ಕೆ ಒಬ್ಬೊಬ್ಬರ ಲೆಕ್ಕ ಒಂದೊಂದು. ನನ್ನ ಲೆಕ್ಕದಲ್ಲಿ ಹಸಿರು ಕಾಯಿ ಚಟ್ನಿಗೆ ಆಗಿದೆ. ಅತ್ತೆಯ ಲೆಕ್ಕದಲ್ಲಿ ಹಳದಿ ತಿರುಗಿದ ದೋರೆಗಾಯಿ ಗೊಜ್ಜಿಗೆ ಆಗಿದೆ. ನಮ್ಮವರ ಲೆಕ್ಕದಲ್ಲಿ ತೊಟ್ಟಿನ ಬುಡದವರೆಗೂ ಕೆಂಪೇರಿ, ಮುಟ್ಟಿದರೆ ಕೈಗೆ ಬರುವ ಹಣ್ಣಲ್ಲದೆ ಬೇರೇನೂ ಟೊಮೇಟೊ ಅಲ್ಲ. ಅಳಿಲಿನ ಲೆಕ್ಕ ಇವರದಕ್ಕಿಂತ ಒಂದು ದಿನ ಹಿಂದಿದೆ. ತಾರಸಿಯ ಕಷ್ಟವೆಲ್ಲ ಈ ಒಂದು ದಿನದ್ದು.

ಅಳಿಲು ಇಡೀ ಹಣ್ಣು ತಿಂದರೆ ಇಷ್ಟು ಬೇಸರವಿರುತ್ತಿರಲಿಲ್ಲ. ಒಂದು ಕಡೆ ಕಚ್ಚಿ, ಎರಡು ಕೈಯಲ್ಲಿ ಹಿಡಿದು ಯೋಚಿಸಿ, ಬಿಟ್ಟು ಪಕ್ಕದ ಹಣ್ಣಿಗೆ ಹೋಗುತ್ತದೆ. ಅದಕ್ಕೆ ಬೇಕಾಗಿರುವುದು ಹಣ್ಣಲ್ಲ, ಬೇಸಿಗೆಯ ಬಾಯಾರಿಕೆಗೆ ನೀರು. ಬಟ್ಟಲಲ್ಲಿ ನೀರಿಟ್ಟರೆ ಕಾಟ ಕಡಿಮೆಯಾಗುತ್ತದೆ ಎಂದು ಪಕ್ಕದ ಮನೆಯ ರಾಯರು ಹೇಳಿದರು. ನೀರಿಟ್ಟೆವು. ಅಳಿಲು ಟೊಮೇಟೊ ತಿಂದು ಮೇಲೆ ನೀರು ಕುಡಿಯಿತು. ಪಿಕಳಾರಗಳಿಗೆ ಹಳೆಯ ಸೀಡಿಗಳನ್ನು ದಾರ ಕಟ್ಟಿ ತೂಗಿಬಿಟ್ಟೆವು. ಬಿಸಿಲಿಗೆ ಫಳಫಳ ಹೊಳೆದರೆ ಹಕ್ಕಿ ಹೆದರುತ್ತದಂತೆ. ಎರಡು ದಿನ ಹೆದರಿದವು. ಮೂರನೆಯ ದಿನ ಕೆಂಪು ಮೀಸೆಯ ಪಿಕಳಾರವೊಂದು ಸೀಡಿಯ ಮುಂದೆ ಕೂತು ಜುಟ್ಟು ನೇರ ಮಾಡಿಕೊಂಡು, ಆಮೇಲೆ ತಿಂಡಿಗೆ ಕೂತಿತು.

ಬೆರ್ಚಪ್ಪನನ್ನೂ ನಿಲ್ಲಿಸಿದ್ದಾಯಿತು. ಬ್ಯಾಂಕಿನ ಕಾಲದ ತಿಳಿನೀಲಿ ಅಂಗಿ, ಅದೇ ಕಾಲದ ಟೈ, ಮಡಕೆಯ ತಲೆಗೆ ಹಳೆಯ ಕನ್ನಡಕ. ಹಕ್ಕಿಗಳು ಮೋಸ ಹೋದವೋ ಇಲ್ಲವೋ, ರಾಯರಂತೂ ಹೋದರು. ಬೆಳಗಿನ ವಾಕಿಂಗಿಗೆ ಹೊರಟವರು ಕೆಳಗಿನಿಂದಲೇ ಅದಕ್ಕೆ ನಮಸ್ಕಾರ ಹೇಳಿ, ಉತ್ತರ ಬಾರದ್ದಕ್ಕೆ ಬೇಸರಪಟ್ಟುಕೊಂಡು, ವಾರವೆಲ್ಲ ನಮ್ಮವರೊಂದಿಗೆ ಬಿಗುಮಾನದಲ್ಲಿದ್ದರು. ನಿಜ ಸಂಗತಿ ತಿಳಿದ ಮೇಲೆ ಬೇಸರ ಇನ್ನೂ ಹೆಚ್ಚಾಯಿತು.

ಕೋತಿಗಳ ವಿಚಾರವೇ ಬೇರೆ. ಅವಕ್ಕೆ ಹಣ್ಣು ಬೇಕು, ಕಾಯಿ ಬೇಡ ಎಂಬ ಭೇದವಿಲ್ಲ. ಹಸಿರು ಕಾಯಿ ಕಿತ್ತು, ಕಚ್ಚಿ, ಮುಖ ಸಿಂಡರಿಸಿ ಎಸೆದು, ಇದಾದರೂ ಸಿಹಿಯಿದ್ದೀತೆಂದು ಇನ್ನೊಂದು ಕೀಳುತ್ತವೆ. ಅನುಭವದಿಂದ ಪಾಠ ಕಲಿಯದ ಪ್ರಾಣಿಯಿಂದ ನಾವು ಹುಟ್ಟಿ ಬಂದೆವು ಎಂಬುದನ್ನು ನಂಬಲು ತಾರಸಿ ತೋಟ ಮಾಡಿದವರಿಗೆ ಕಷ್ಟವೇ ಇಲ್ಲ. ರಬ್ಬರ್ ಹಾವು ತಂದು ಗೋಡೆಯ ಮೇಲಿಟ್ಟರೆ ಹಿಂಡಿನ ಮರಿಕೋತಿಯೊಂದು ಅದನ್ನು ಆಟಕ್ಕೆ ಒಯ್ದಿತು. ಕೊನೆಗೆ ಕೆಲಸಕ್ಕೆ ಬಂದದ್ದು ಅತ್ತೆಯ ಹಳೆಯ ಟ್ರಂಕು. ಅದರಲ್ಲಿ ಮದುವೆ ಮನೆಗಳಲ್ಲಿ ತಾಂಬೂಲ ಕೊಟ್ಟ ಬಲೆಬಲೆಯ ಚೀಲಗಳು ಕಟ್ಟುಗಟ್ಟಲೆ ಇದ್ದವು. ಯಾವುದನ್ನೂ ಎಸೆಯದೆ ಇಟ್ಟುಕೊಳ್ಳುವ ಅವರ ಸ್ವಭಾವವನ್ನು ಇಷ್ಟು ವರ್ಷ ನಾನು ಆಡಿಕೊಂಡಿದ್ದೆ. ಗೊಂಚಲಿಗೊಂದು ಚೀಲ ಕಟ್ಟಿ ದಾರ ಎಳೆದರೆ ಗಾಳಿಯೂ ಆಡುತ್ತದೆ, ಬಿಸಿಲೂ ಬೀಳುತ್ತದೆ, ಹಕ್ಕಿಯ ಕೊಕ್ಕಿಗೂ ಕೈಗೂಡುವುದಿಲ್ಲ. ಕೋತಿಗೂ ಬಿಚ್ಚಲು ಸ್ವಲ್ಪ ಹೊತ್ತು ಬೇಕು. ಆ ಹೊತ್ತಿನಲ್ಲಿ ನಮ್ಮವರು ಕೋಲು ಹಿಡಿದು ಮೆಟ್ಟಿಲು ಹತ್ತಿರುತ್ತಾರೆ. ಈಗ ನಮ್ಮ ತಾರಸಿಯಲ್ಲಿ ಒಂದೊಂದು ಗೊಂಚಲೂ ಒಂದೊಂದು ನವದಂಪತಿಯ ಹೆಸರು ಹೊತ್ತು ತೂಗುತ್ತಿದೆ. ಅತ್ತೆ ಓದಿಕೊಂಡು ಓಡಾಡುತ್ತಾರೆ. “ಇವರ ಮದುವೇಲಿ ಚಿರೋಟಿ ಏನು ಚೆನ್ನಾಗಿತ್ತು ಕಣೇ! ನೋಡ್ತಿರು, ಈ ಚೀಲದ್ದೇ ಮೊದಲು ಹಣ್ಣಾಗುತ್ತೆ.”

ಟೊಮೇಟೊಗೆ ಕಾವಲು ಎಂದರೆ ನಗುವವರು 2023ರ ಜುಲೈ ನೆನಪಿಸಿಕೊಳ್ಳಬೇಕು. ಕೋಲಾರದ ಎಪಿಎಂಸಿ ಏಷ್ಯಾದ ದೊಡ್ಡ ಟೊಮೇಟೊ ಮಾರುಕಟ್ಟೆಗಳಲ್ಲೊಂದು. ಅಲ್ಲಿ 15 ಕೆಜಿಯ ಒಂದು ಬಾಕ್ಸು ಆ ತಿಂಗಳು ಎರಡು ಸಾವಿರ ರೂಪಾಯಿ ದಾಟಿತು. ಬೇಲೂರು ತಾಲ್ಲೂಕಿನಲ್ಲಿ ರಾತ್ರೋರಾತ್ರಿ ಹೊಲದಿಂದಲೇ ಲಕ್ಷಗಟ್ಟಲೆ ರೂಪಾಯಿಯ ಹಣ್ಣು ಕಳುವಾಗಿ ಪೊಲೀಸ್ ಠಾಣೆಯಲ್ಲಿ ದೂರು ದಾಖಲಾಯಿತು. ಬೆಂಗಳೂರಿನಲ್ಲಿ ಟೊಮೇಟೊ ತುಂಬಿದ ವಾಹನವನ್ನೇ ಅಪಹರಿಸಿದರು. ಹೊಲಗಳಲ್ಲಿ ಜನ ರಾತ್ರಿ ಟಾರ್ಚು ಹಿಡಿದು ಮಲಗಿದರು. ಆ ತಿಂಗಳು ನಮ್ಮತ್ತೆ ಬರೀ ಹುಣಸೆಹಣ್ಣಿನ ಸಾರು ಮಾಡಿಸಿ, ತಮ್ಮ ಚಿಕ್ಕಂದಿನಲ್ಲಿ ಟೊಮೇಟೊ ಕಂಡವರಾರು ಎಂದು ವಿಜಯೋತ್ಸಾಹದಲ್ಲಿದ್ದರು. ಆದರೆ ಅದೇ ಕೋಲಾರದ ರೈತ ಬೆಲೆ ಬಿದ್ದ ವರ್ಷಗಳಲ್ಲಿ ಕೊಯ್ಲಿನ ಕೂಲಿಯೂ ಹುಟ್ಟದೆ ಹಣ್ಣನ್ನು ರಸ್ತೆ ಬದಿ ಸುರಿದುಹೋಗಿರುವುದನ್ನೂ ನೋಡಿದ್ದೇವೆ. ಅವನು ಕೋತಿಯಿಂದ ಉಳಿಸಿಕೊಂಡಾನು, ಕಳ್ಳನಿಂದಲೂ ಉಳಿಸಿಕೊಂಡಾನು. ಬೆಲೆಯಿಂದ ಉಳಿಸಿಕೊಳ್ಳಲು ಯಾವ ಮದುವೆಯ ಚೀಲವೂ ಇಲ್ಲ. ಅವನ ಮುಂದೆ ನಮ್ಮ ತಾರಸಿಯದು ಶೋಕಿಯ ಕಷ್ಟ.

ಆದರೂ ಆ ರೈತನಿಂದ ನಮ್ಮವರು ಕಲಿಯಬೇಕಾದ್ದು ಒಂದಿತ್ತು. ದೂರದ ಊರಿನ ಲಾರಿಗೆ ಹಣ್ಣು ತುಂಬುವವನು ಅದು ಗಿಡದಲ್ಲೇ ಪೂರ್ತಿ ಕೆಂಪಾಗಲಿ ಎಂದು ಕಾಯುವುದಿಲ್ಲ. ಕಾಯಿಯ ತುದಿಯಲ್ಲಿ, ಅಂದರೆ ತೊಟ್ಟಿಗೆ ಎದುರಿನ ತಳದಲ್ಲಿ, ಒಂದಿಷ್ಟು ಹಳದಿ ಗುಲಾಬಿ ಕಂಡಿತೋ ಕೊಯ್ದುಬಿಡುತ್ತಾನೆ. ಅದು ಬರೀ ವ್ಯಾಪಾರದ ಅವಸರವಲ್ಲ. ಆ ಬಣ್ಣ ಕಾಣಿಸಿಕೊಂಡಿತು ಎಂದರೆ ಕಾಯಿಯೊಳಗೆ ಎಥಿಲೀನ್ ಎಂಬ ಅನಿಲ ಹುಟ್ಟಿಯಾಯಿತು ಎಂದರ್ಥ. ಒಮ್ಮೆ ಹುಟ್ಟಿತೆಂದರೆ ಅದು ತನ್ನನ್ನು ತಾನೇ ಹೆಚ್ಚಿಸಿಕೊಳ್ಳುತ್ತ ಹೋಗುತ್ತದೆ. ಅಲ್ಲಿಂದ ಮುಂದೆ ಕಾಯಿ ಮಾಗುವುದಕ್ಕೆ ಗಿಡದ ಅಪ್ಪಣೆ ಬೇಕಿಲ್ಲ. ಈ ಅನಿಲದ ಕಥೆಯೂ ಸ್ವಾರಸ್ಯವಾಗಿದೆ. 1901ರಲ್ಲಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ದಿಮಿತ್ರಿ ನೆಲ್ಯುಬೊವ್ ಎಂಬ ತರುಣ ಪ್ರಯೋಗಾಲಯದಲ್ಲಿ ಬೆಳೆಸಿದ ಬಟಾಣಿ ಸಸಿಗಳು ಯಾಕೆ ಸೊಟ್ಟಗೆ ಅಡ್ಡಡ್ಡ ಬೆಳೆಯುತ್ತಿವೆ ಎಂದು ಹುಡುಕುತ್ತ ಹೋಗಿ, ದೀಪಕ್ಕೆ ಉರಿಸುವ ಗ್ಯಾಸಿನಲ್ಲಿರುವ ಎಥಿಲೀನ್ ಇದಕ್ಕೆ ಕಾರಣ ಎಂದು ಕಂಡುಕೊಂಡ. ಹಣ್ಣು ತಾನೇ ಈ ಅನಿಲವನ್ನು ತಯಾರಿಸುತ್ತದೆ ಎಂದು ಇಂಗ್ಲೆಂಡಿನ ರಿಚರ್ಡ್ ಗೇನ್ ತೋರಿಸಿಕೊಟ್ಟದ್ದು 1934ರಲ್ಲಿ, ಸೇಬುಗಳನ್ನಿಟ್ಟುಕೊಂಡು.

ಇದನ್ನೆಲ್ಲ ಓದಿ ಹೇಳಿದ್ದು ನಾನು. ಕೇಳಿಸಿಕೊಂಡು ನಕ್ಕಿದ್ದು ಅತ್ತೆ. ಮಾವು ಬಾಳೆಗಳನ್ನು ಹುಲ್ಲಿನಲ್ಲಿ ಅಡೆ ಹಾಕುತ್ತ ಬೆಳೆದವರು ಅವರು. ಗಾಳಿಯಾಡದಂತೆ ಮುಚ್ಚಬೇಕು, ಮಧ್ಯೆ ಒಂದು ಕಳಿತ ಹಣ್ಣಿಡಬೇಕು, ದಿನಕ್ಕೊಮ್ಮೆ ಮೂಸಿ ನೋಡಬೇಕು ಎಂಬುದಕ್ಕೆ ಅವರಿಗೆ ರಷ್ಯದವನೂ ಬೇಕಿರಲಿಲ್ಲ, ಇಂಗ್ಲೆಂಡಿನವನೂ ಬೇಕಿರಲಿಲ್ಲ. “ಅಷ್ಟೂ ದೋರೆಗಾಯಿ ಕಿತ್ಕೊಂಡ್ ಬಾ, ಅಕ್ಕಿ ಡಬ್ಬಕ್ಕೆ ಹಾಕು” ಎಂದು ತಮ್ಮ ಮಗನಿಗೆ ಹೇಳಿದರು. ನಮ್ಮವರು ಒಪ್ಪಲಿಲ್ಲ. ಬಿಸಿಲು ಬೀಳದೆ ಟೊಮೇಟೊ ಕೆಂಪಾಗುವುದೆಂದರೇನು, ಗಿಡದಲ್ಲೇ ಹಣ್ಣಾದದ್ದರ ರುಚಿಯೇ ಬೇರೆಯಲ್ಲವೇ, ಅಂಗಡಿಯ ಟೊಮೇಟೊಗೂ ನಮ್ಮದಕ್ಕೂ ಮತ್ತೇನು ವ್ಯತ್ಯಾಸ ಎಂದು ವಾದಿಸಿದರು.

ಇಲ್ಲಿ ನನಗೆ ಒಂದು ಪಕ್ಷವಿದೆ, ಮುಚ್ಚಿಡುವುದಿಲ್ಲ. ಕೆಂಪು ಬಣ್ಣಕ್ಕೆ ಬಿಸಿಲು ಬೇಕೇ ಇಲ್ಲ; ಬೇಕಾದ್ದು ಹದವಾದ ಬಿಸುಪು. ಲೈಕೋಪೀನ್ ಎಂಬ ಕೆಂಪು ವಸ್ತು 20ರಿಂದ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಚೆನ್ನಾಗಿ ಕೂಡುತ್ತದೆ. 30 ದಾಟಿತೆಂದರೆ ಅದರ ತಯಾರಿಕೆ ನಿಲ್ಲುತ್ತ ಬರುತ್ತದೆ, ಹಳದಿ ಮಾತ್ರ ಮುಂದುವರಿಯುತ್ತದೆ. ಏಪ್ರಿಲ್ ತಿಂಗಳ ತಾರಸಿಯಲ್ಲಿ, ಕೆಳಗೆ ಕಾದ ಸಿಮೆಂಟು ಮೇಲೆ ಕಾದ ಆಕಾಶ, ಹಣ್ಣು ಎಷ್ಟು ದಿನ ನಿಂತರೂ ಕಿತ್ತಳೆಯಿಂದ ಮುಂದೆ ಹೋಗದೆ ಸಿಪ್ಪೆ ಬಿಳಿಚಿಕೊಳ್ಳುವುದು ಈ ಕಾರಣಕ್ಕೆ. ಬಿಸಿಲು ಬೀಳಲಿ ಎಂದು ಎಲೆ ಸವರುವವರು ಹಣ್ಣಿನ ಛತ್ರಿಯನ್ನೇ ಕಿತ್ತು ಹಾಕುತ್ತಾರೆ. ಅದೇ ದೋರೆಗಾಯಿ ಅಡುಗೆಮನೆಯ ಕಪಾಟಿನ ಕತ್ತಲಲ್ಲಿ ನಾಲ್ಕೈದು ದಿನಕ್ಕೆ ಕೆಂಪಾಗಿ ಕೂರುತ್ತದೆ. ಬಣ್ಣ ತಿರುಗಿದ ಮೇಲೆ ಕೊಯ್ದರೆ ರುಚಿಯಲ್ಲಿ ಹೇಳಿಕೊಳ್ಳುವ ನಷ್ಟವಿಲ್ಲ. ರುಚಿ ಕೆಡಿಸುವುದು ಬೇರೆ ಎರಡು. ಒಂದು, ಪೂರ್ತಿ ಹಸಿರು ಕಾಯನ್ನು ಕಿತ್ತು ಬಲವಂತವಾಗಿ ಹಣ್ಣು ಮಾಡುವುದು. ಇನ್ನೊಂದು ಫ್ರಿಜ್ಜು, ಅದರ ಚಳಿಗೆ ಟೊಮೇಟೊದ ಪರಿಮಳ ಹುಟ್ಟುವ ಕೆಲಸವೇ ನಿಂತುಹೋಗುತ್ತದೆ. ಅಂಗಡಿಯ ಹಣ್ಣು ಸಪ್ಪೆ ಎನ್ನುವವರು ಮನೆಗೆ ತಂದ ಕೂಡಲೇ ಅದನ್ನು ಎಲ್ಲಿಡುತ್ತಾರೆ ಎಂದು ಒಮ್ಮೆ ನೋಡಿಕೊಳ್ಳಲಿ.

ತಳಿಯ ಪಾಲೂ ಇದೆ ಅನ್ನಿ. ನಾಟಿ ಟೊಮೇಟೊ ಮಾಗುವ ಮುಂಚೆ ತೊಟ್ಟಿನ ಸುತ್ತ ಕಡುಹಸಿರು ಹೆಗಲು ಹೊತ್ತಿರುತ್ತದೆ. ಒಂದೇ ಸಮ ಬಣ್ಣ ಬಂದರೆ ನೋಡಲು ಚಂದ, ಮಾರಲು ಸುಲಭ ಎಂದು ಹೋದ ಶತಮಾನದಲ್ಲಿ ತಳಿಗಾರರು ಆ ಹಸಿರು ಹೆಗಲಿಲ್ಲದ ಗಿಡಗಳನ್ನೇ ಆರಿಸುತ್ತ ಬಂದರು. ಕಾಯೇ ಬಿಸಿಲು ಹೀರಿ ಸಕ್ಕರೆ ಕೂಡಿಸಿಕೊಳ್ಳಲು ನೆರವಾಗುತ್ತಿದ್ದುದು ಆ ಹಸಿರು ಹೆಗಲು ಕೊಡುವ ಜೀನೇ ಆಗಿತ್ತು ಎಂದು ವಿಜ್ಞಾನಿಗಳು ಪ್ರಕಟಿಸಿದ್ದು 2012ರಲ್ಲಿ. ಆ ವೇಳೆಗೆ ಚಂದದ ಟೊಮೇಟೊ ಜಗತ್ತನ್ನೆಲ್ಲ ತುಂಬಿತ್ತು. ಮೈಸೂರಿನ ಮಾರ್ಕೆಟ್ಟಿನಲ್ಲಿ ಸೊಟ್ಟಮೂತಿಯ, ಗೆರೆಬಿದ್ದ ನಾಟಿ ಹಣ್ಣನ್ನೇ ಆರಿಸಿ ಸಾರಿಗೆ ಕೊಳ್ಳುವ ಹೆಂಗಸರಿಗೆ ಈ ಸುದ್ದಿ ಹೊಸದೇನಲ್ಲ.

ಅಂದಹಾಗೆ, ಇದು ಹಣ್ಣೋ ತರಕಾರಿಯೋ ಎಂಬ ಜಗಳ ಅಮೆರಿಕದ ಸುಪ್ರೀಂ ಕೋರ್ಟಿನ ತನಕ ಹೋಗಿತ್ತು. ಅಲ್ಲಿ ಆಮದು ತರಕಾರಿಗೆ ಸುಂಕವಿತ್ತು, ಹಣ್ಣಿಗಿರಲಿಲ್ಲ. ಸಸ್ಯಶಾಸ್ತ್ರ ಏನೇ ಹೇಳಲಿ, ಜನ ಅದನ್ನು ಊಟದ ಜೊತೆ ತಿನ್ನುತ್ತಾರೆಯೇ ಹೊರತು ಊಟವಾದ ಮೇಲಲ್ಲ, ಆದ್ದರಿಂದ ತರಕಾರಿಯೇ ಎಂದು 1893ರಲ್ಲಿ ತೀರ್ಪಾಯಿತು. ನಮ್ಮಂಥ ಮನೆಗಳಲ್ಲಿ ತಿಥಿಯ ಅಡುಗೆಗೆ ಟೊಮೇಟೊ ಇವತ್ತಿಗೂ ನಿಷಿದ್ಧ. ಹಣ್ಣೆಂದೂ ಒಪ್ಪಿಲ್ಲ, ತರಕಾರಿಯೆಂದೂ ಒಪ್ಪಿಲ್ಲ. ಆ ದಿನ ಮಾತ್ರ ತಾರಸಿಯ ಕಾವಲುಗಾರರು ಮಡಿಯುಟ್ಟು ಕೆಳಗಿರುತ್ತಾರೆ, ಕೋತಿಗಳಿಗೆ ಪಿತೃಗಳ ಪಾಲಿನ ಊಟ.

ಅಮೆರಿಕದ ಮಾತು ಬಂದದ್ದರಿಂದ ನನ್ನ ತಂಗಿಯ ಮಗಳನ್ನು ನೆನೆಯಬೇಕು. ಅವಳಿರುವುದು ಮಿನಿಯಾಪೊಲಿಸ್‌ನಲ್ಲಿ. ಅವಳಿಗೆ ಕೋತಿಯ ಭಯವಿಲ್ಲ. ಮೊಲ, ಜಿಂಕೆಗಳಿಗೆ ಬೇಲಿಯಿದೆ. ಅವಳ ಶತ್ರು ಕ್ಯಾಲೆಂಡರು. ಅಕ್ಟೋಬರ್ ಬಂತೆಂದರೆ ಯಾವ ರಾತ್ರಿ ಬೇಕಾದರೂ ಹಿಮ ಕವಿದು ಗಿಡ ಬೆಳಗಾಗುವುದರೊಳಗೆ ಕಪ್ಪಾಗಿ ಜೋತುಬೀಳುತ್ತದೆ. ಹಾಗಾಗಿ ಚಳಿಯ ಸುದ್ದಿ ಬಂದ ಸಂಜೆ ಇದ್ದಬದ್ದ ಕಾಯೆಲ್ಲ ಕಿತ್ತು, ಒಂದೊಂದನ್ನೂ ಪೇಪರಿನಲ್ಲಿ ಸುತ್ತಿ, ನೆಲಮಾಳಿಗೆಯ ರಟ್ಟಿನ ಪೆಟ್ಟಿಗೆಯಲ್ಲಿ ಒಂದು ಬಾಳೆಹಣ್ಣಿನ ಜೊತೆ ಮುಚ್ಚಿಡುತ್ತಾಳೆ. ಸುತ್ತುವುದು ಯಾಕೆಂದರೆ ಒಂದು ಕೊಳೆತರೆ ಪಕ್ಕದ್ದಕ್ಕೆ ಹತ್ತದಿರಲಿ ಎಂದು. ಒಂದೊಂದಾಗಿ ಹಣ್ಣಾಗುತ್ತ ತಿಂಗಳ ಮೇಲೂ ಬರುತ್ತವಂತೆ. ವೀಡಿಯೋ ಕರೆಯಲ್ಲಿ ಈ ಪೆಟ್ಟಿಗೆ ನೋಡಿದ ಅತ್ತೆಗೆ ಆದ ಸಂತೋಷ ಹೇಳತೀರದು. “ನೋಡೋ, ಏಳು ಸಮುದ್ರದಾಚೆ ಹುಡುಗಿ ಅಡೆ ಹಾಕಿದಾಳೆ. ನೀನು ಕೋಲು ಹಿಡ್ಕೊಂಡು ಕೂತಿದೀಯ.”

ನಮ್ಮವರನ್ನು ಒಪ್ಪಿಸಿದ್ದು ಅವರ ಅಮ್ಮನ ಮಾತಲ್ಲ, ನನ್ನ ವಿಜ್ಞಾನವೂ ಅಲ್ಲ, ಭರಣಿ ಮಳೆ. ಬೇಸಿಗೆಯೆಲ್ಲ ಬಾಯಿ ಒಣಗಿದ್ದ ಗಿಡಕ್ಕೆ ಒಂದೇ ರಾತ್ರಿ ಜಡಿಮಳೆ ಬಿದ್ದರೆ ಒಳಗಿನ ತಿರುಳು ಉಬ್ಬುವಷ್ಟು ವೇಗವಾಗಿ ಸಿಪ್ಪೆ ಹಿಗ್ಗಲಾರದು. ಬೆಳಿಗ್ಗೆ ನೋಡಿದರೆ ತಾಂಬೂಲದ ಚೀಲಗಳೊಳಗೇ ಹಣ್ಣುಗಳು ತೊಟ್ಟಿನಿಂದ ತಳದ ತನಕ ಸೀಳಿದ್ದವು. ಇನ್ನೊಂದು ದಿನ ಇರಲಿ ಎಂದು ಬಿಟ್ಟವುಗಳೇ ಎಲ್ಲವೂ. ದೋರೆಗಾಯಿಗಳಿಗೆ ಏನೂ ಆಗಿರಲಿಲ್ಲ. ನಮ್ಮವರು ಏನೂ ಮಾತಾಡದೆ ಮೊರ ತಂದು ಎಲ್ಲ ಕೊಯ್ದರು. ಸೀಳಿದ್ದು ಅವತ್ತಿನ ಸಾರಿಗೆ, ಬಣ್ಣ ತಿರುಗಿದ್ದು ಅಕ್ಕಿ ಡಬ್ಬಕ್ಕೆ. ಹಸಿರಿನಲ್ಲಿ ಬಲಿತದ್ದು ಯಾವುದು, ಎಳೆಯದು ಯಾವುದು ಎಂದು ಹೊರಗಿನಿಂದ ತಿಳಿಯುವುದು ಕಷ್ಟ. ಒಂದನ್ನು ಹೆಚ್ಚಿ ನೋಡಬೇಕು: ಚಾಕು ಬೀಜವನ್ನೇ ಕತ್ತರಿಸಿದರೆ ಎಳೆಯದು, ಬೀಜ ಲೋಳೆಯಲ್ಲಿ ಜಾರಿ ಪಕ್ಕಕ್ಕೆ ಸರಿದರೆ ಬಲಿತದ್ದು. ಆ ಗಾತ್ರದ ಬಲಿತವೂ ಡಬ್ಬಕ್ಕೆ ಹೋದವು, ಎಳೆಯವೆಲ್ಲ ನನ್ನ ಪಾಲಿಗೆ ಬಂದವು. ಎಣ್ಣೆಯಲ್ಲಿ ಉದ್ದಿನಬೇಳೆ, ಹಸಿಮೆಣಸಿನಕಾಯಿ ಹುರಿದು, ಹೆಚ್ಚಿದ ಕಾಯನ್ನು ನೀರಾರುವ ತನಕ ಬಾಡಿಸಿ, ಒಂದು ಹಿಡಿ ತೆಂಗಿನತುರಿ, ಚೂರು ಬೆಲ್ಲ ಸೇರಿಸಿ ರುಬ್ಬಿದ ಚಟ್ನಿಗೆ ಅಕ್ಕಿರೊಟ್ಟಿ ಇದ್ದರೆ ಕೆಂಪು ಟೊಮೇಟೊ ನೆನಪಿಗೆ ಬರುವುದಿಲ್ಲ. ಅವರಿಗೂ ಬರಲಿಲ್ಲ, ಮೂರು ರೊಟ್ಟಿ ತಿಂದರು.

ಕಾವಲು ಈಗ ತಾರಸಿಯಿಂದ ಅಡುಗೆಮನೆಗೆ ವರ್ಗವಾಗಿದೆ. ಅಕ್ಕಿಯಲ್ಲಿಟ್ಟ ಹಣ್ಣನ್ನು ದಿನವೂ ನೋಡಬೇಕು, ಒಂದು ಮೆತ್ತಗಾಗಿ ಒಡೆದರೆ ಅಕ್ಕಿಯೆಲ್ಲ ಮುಗ್ಗುತ್ತದೆ ಎಂದು ಅತ್ತೆ ಒಂದು ಮಾತು ಹೇಳಿದ್ದೇ ತಡ, ಬ್ಯಾಂಕಿನ ಲಾಕರಿಗಿದ್ದ ಶಿಸ್ತೆಲ್ಲ ಅಕ್ಕಿ ಡಬ್ಬಕ್ಕೆ ಬಂದಿದೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಮುಚ್ಚಳ ತೆಗೆದು ಮೂಸುತ್ತಾರೆ. ನಾನು ಅಕ್ಕಿ ಅಳೆಯಲು ಹೋದರೆ ಹಿಂದೆಯೇ ಬಂದು ನಿಲ್ಲುತ್ತಾರೆ.

“ರೀ, ಅನ್ನಕ್ಕಿಡಬೇಕು, ಸ್ವಲ್ಪ ಸರೀರಿ.”

“ಎಡಗಡೆಯಿಂದ ತಗೋ. ಬಲಗಡೆದು ನಾಳೆಗೆ ಆಗುತ್ತೆ.”